ಆಯುಧಪೂಜೆ ಮಾಡಿಸಿಕೊಂಡ ಲಿಫ್ಟು

ಮೊನ್ನೆ ಪಕ್ಕದ ಮನೆಯವರು ಕರಿಬೇವು, ದಾಸವಾಳದ ಎಲೆ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದರು. ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ಕೂತರೇನೋ, ಎಣ್ಣೆ ಹೊತ್ತಿತು. ಆ ವಾಸನೆ ಕಿಟಕಿಯಿಂದ ನಮ್ಮ ಮನೆಯೊಳಗೆ ಬಂದದ್ದೇ ತಡ, ಹಿಡಿದ ಕೆಲಸ ಬಿಟ್ಟು ಎದ್ದು ನಿಂತೆ. ಬೇರೆಯವರಿಗೆ ಕೊಬ್ಬರಿ ಎಣ್ಣೆ ಎಂದರೆ ಅಜ್ಜಿ, ಜಡೆ, ಭಾನುವಾರದ ತಲೆಸ್ನಾನ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಬ್ರೇಕು. ಟಿ. ನರಸೀಪುರದ ಒಂದು ಹೆರಿಗೆ ಆಸ್ಪತ್ರೆಯ ಲಿಫ್ಟಿನ ಬ್ರೇಕು, ಮತ್ತು ಅದರ ಮುಂದೆ ನಿಂತಿದ್ದ ನಾವು ಮೂವರು.

ನಾನು ಲಿಫ್ಟ್ ಕೂರಿಸುವ ಕೆಲಸದವಳು. ಹೆಸರು ಸುಜಾತ, ಊರು ಬದನವಾಳು. ಅಮ್ಮ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆದು ನನ್ನನ್ನು ಡಿಪ್ಲೊಮಾ ಓದಿಸಿದಳು. ಕೆಲವು ಕಾಲ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಮೋಟರಿಗೆ ತಂತಿ ಸುತ್ತಿದೆ. ಒಂದೇ ಕುರ್ಚಿಯಲ್ಲಿ ಕೂತು ಸುತ್ತಿ ಸುತ್ತಿ ನನ್ನ ತಲೆಯೂ ಸುತ್ತತೊಡಗಿದ ಮೇಲೆ ನಂಜನಗೂಡಿನ ಒಂದು ಸಣ್ಣ ಲಿಫ್ಟ್ ಕಂಪನಿಗೆ ಸೇರಿಕೊಂಡೆ. ಹೆಣ್ಣುಮಗಳು ಲಿಫ್ಟಿನ ತಳದ ಗುಂಡಿಗೆ ಇಳಿಯುತ್ತಾಳೆಂದರೆ ಕೆಲಸ ಬಿಟ್ಟು ನೋಡಲು ನಿಲ್ಲುವವರಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಹಾಗೆ ನಿಂತವರ ಕೈಗೆ ಒಂದು ಹಗ್ಗ ಕೊಟ್ಟು ಹಿಡಿದುಕೊಳ್ಳಿ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಜಾಗ ಖಾಲಿಯಾಗುತ್ತಿತ್ತು.

ನನ್ನ ಜೊತೆಗಾರರು ಮಾದೇವಣ್ಣ, ಕಂಪನಿಯ ಹಿರಿಯ ಮೆಕ್ಯಾನಿಕ್ಕು. ಹೆಮ್ಮರಗಾಲದವರು. ಮನೆಯಲ್ಲಿ ಒಂದಿಷ್ಟು ಗದ್ದೆ, ಸೀಮೆಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತುವರು. ಹಣೆಗೆ ವಿಭೂತಿ ಇಲ್ಲದೆ ಸ್ಪ್ಯಾನರ್ ಮುಟ್ಟಿದವರಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೇ ದೇವರ ಗೂಡು ಖಾಲಿಯಾಗಿ ಗೋಡೆಗೆ ಬುದ್ಧನ ಪಟ ಬಂದಿತ್ತು. ಇದು ಅವರಿಗೆ ಗೊತ್ತಿತ್ತು, ನಾನೂ ಮುಚ್ಚಿಟ್ಟವಳಲ್ಲ. ನಮ್ಮಿಬ್ಬರ ನಡುವೆ ಆ ಮಾತು ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಬ್ರೇಕು, ಹಗ್ಗ ಮತ್ತು ನನ್ನ ಡಬ್ಬಿಯ ಹೇರಳೆಕಾಯಿ ಉಪ್ಪಿನಕಾಯಿ. ಅದರಲ್ಲಿ ಅರ್ಧ ಅವರದೇ ಪಾಲು.

ಆ ವರ್ಷ ಮಳೆ ಆಷಾಢದಲ್ಲಿ ಹಿಡಿದದ್ದು ದಸರೆ ಬಂದರೂ ಬಿಡಲಿಲ್ಲ. ವಯನಾಡಿನ ಕಡೆ ಸುರಿದದ್ದೆಲ್ಲ ನಂಜನಗೂಡಿಗೆ ಬಂದು ಕಪಿಲೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿಕೊಂಡಳು. ನರಸೀಪುರದ ಸಂಗಮದಲ್ಲಿ ಹೊಳೆ ಕೆಂಪಗೆ ಹರಿಯುತ್ತಿತ್ತು. ನಾವು ದಿನಾ ಸ್ಪ್ಯಾನರ್ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ನಂಜನಗೂಡಿನಿಂದ ನರಸೀಪುರದ ಬಸ್ಸು ಹತ್ತುತ್ತಿದ್ದೆವು. ಬಟ್ಟೆ ಒಣಗುತ್ತಿರಲಿಲ್ಲ, ಉಕ್ಕಿನ ಸಾಮಾನಿಗೆ ಒಂದೇ ದಿನದಲ್ಲಿ ತುಕ್ಕು ಮುಸುಕುತ್ತಿತ್ತು.

ಆಸ್ಪತ್ರೆ ಎರಡು ಮಹಡಿಯದು. ಆಪರೇಷನ್ ಥಿಯೇಟರ್ ಮೇಲಿನ ಮಹಡಿಯಲ್ಲಿ, ವಾರ್ಡು ಕೆಳಗೆ. ನಡೆಸುತ್ತಿದ್ದ ಡಾಕ್ಟರಮ್ಮ ಕಡಕ್ ಹೆಂಗಸು, ಸುತ್ತಿನ ಹಳ್ಳಿಗಳ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಲಿಫ್ಟ್ ಬರುವವರೆಗೆ ಹೊಟ್ಟೆ ಕೊಯ್ಯಿಸಿಕೊಂಡ ಬಾಣಂತಿಯರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ಇಳಿಸಬೇಕಿತ್ತು. ಹೊರುತ್ತಿದ್ದವರಲ್ಲಿ ಮುಖ್ಯ ವಾಚ್‌ಮನ್ ಸಿದ್ದಯ್ಯ. ವಯಸ್ಸಾದವರು, ನಡು ನೋವಿಗೆ ಸದಾ ಒಂದು ಟವೆಲು ಬಿಗಿದು ಕಟ್ಟಿಕೊಂಡಿರುತ್ತಿದ್ದರು. ನಾವು ಲಿಫ್ಟಿನ ಒಂದೊಂದು ಸಾಮಾನು ಇಳಿಸಿದಾಗಲೂ ಅವರು ಬಂದು ಮುಟ್ಟಿ ನೋಡುವರು. ಆ ಲಿಫ್ಟು ಅವರ ಬೆನ್ನು ಉಳಿಸಲು ಬಂದಿತ್ತು. ನಮಗಿಂತ ಅದರ ಮೇಲೆ ಅವರಿಗೇ ಹೆಚ್ಚು ಅಕ್ಕರೆ.

ಲಿಫ್ಟಿನ ಬ್ರೇಕಿನ ಸ್ವಭಾವ ಸ್ವಲ್ಪ ಉಲ್ಟಾ. ಸ್ಕೂಟರಿನಲ್ಲಿ ನಾವು ಒತ್ತಿದರೆ ಬ್ರೇಕು ಹಿಡಿಯುತ್ತದೆ. ಇಲ್ಲಿ ಸ್ಪ್ರಿಂಗುಗಳು ಸದಾ ಒತ್ತಿಕೊಂಡೇ ಇರುತ್ತವೆ. ಮೋಟರಿನ ಜೊತೆ ತಿರುಗುವ ಒಂದು ಉಕ್ಕಿನ ತಟ್ಟೆ, ಅದರ ಎರಡೂ ಮಗ್ಗುಲಲ್ಲಿ ಬ್ರೇಕಿನ ಪ್ಯಾಡುಗಳು. ಕರೆಂಟು ಹರಿದಾಗ ತಂತಿಸುರುಳಿ ಅಯಸ್ಕಾಂತವಾಗಿ ಪ್ಯಾಡನ್ನು ಹಿಂದಕ್ಕೆಳೆಯುತ್ತದೆ, ತಟ್ಟೆ ಬಿಡಿಸಿಕೊಂಡು ತಿರುಗುತ್ತದೆ, ಲಿಫ್ಟು ಓಡುತ್ತದೆ. ಕರೆಂಟು ಹೋಯಿತೋ, ಸ್ಪ್ರಿಂಗು ಗೆದ್ದು ಪ್ಯಾಡು ತಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಪ್ಯಾಡು ಹಿಂದೆ ಸರಿಯುವ ಸಂದು ದಪ್ಪ ಕಾಗದ ತೂರುವಷ್ಟು ಮಾತ್ರ. ಹೆಚ್ಚಾದರೆ ಅಯಸ್ಕಾಂತ ಎಳೆಯಲಾರದು, ಕಡಿಮೆಯಾದರೆ ಪ್ಯಾಡು ಉಜ್ಜಿ ಸವೆಯುತ್ತದೆ. ಸುತ್ತಲೂ ಒಂದೇ ಸಮ ಇರಬೇಕು. ಅದನ್ನು ಅಳೆಯಲು ತೆಳ್ಳನೆ ಉಕ್ಕಿನ ಎಲೆಗಳ ಗೇಜು ಬಳಸುತ್ತೇವೆ.

ಗೇಜಿನ ಎಲೆ ಸಂದಿನಿಂದ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರಬೇಕು ಎನ್ನುತ್ತಿದ್ದರು ಮಾದೇವಣ್ಣ. ಅವರ ಕೈಯಲ್ಲಿ ಹಾಗೇ ಬರುತ್ತಿತ್ತು. ಆದರೆ ಆ ವರ್ಷ ಗೇಜಿನ ಮೇಲಿನ ಅಂಕಿ ಓದಲು ಅದನ್ನು ತೋಳುದ್ದ ಹಿಡಿದು, ತಲೆ ವಾಲಿಸಿ, ಬಾಗಿಲ ಬೆಳಕಿಗೆ ತಿರುಗಿಸುವುದನ್ನು ಕಂಡೆ. ಕಣ್ಣಿಗೆ ಪೊರೆ ಬರುತ್ತಿತ್ತು. ಕೇಳಿದರೆ ಬಲ್ಬು ಸರಿಯಿಲ್ಲ ಎನ್ನುವರು. ನಾನು ಮಾತು ಬೆಳೆಸದೆ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಆಸ್ಪತ್ರೆಯವರ ಕಣ್ಣಿಗೂ ಇದು ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು.

ಮಹಾಲಯ ಕಳೆಯುವ ಹೊತ್ತಿಗೆ ಕೆಲಸ ಮುಗಿಯಿತು. ಎದುರಿನ ಅಕ್ಕಿ ಗಿರಣಿಯಿಂದ ಮೂಟೆ ತರಿಸಿ, ಲಿಫ್ಟು ಹೊರುವುದಕ್ಕಿಂತ ಹೆಚ್ಚೇ ಭಾರ ತುಂಬಿ, ಕೆಳಗಿಳಿಯುವಾಗ ನಡುವೆ ಕರೆಂಟು ತೆಗೆದು ನೋಡಿದೆವು. ಬ್ರೇಕು ಕಚ್ಚಿ ನಿಂತಿತು. ಸಿದ್ದಯ್ಯ ಮೂಟೆ ಇಳಿಸುತ್ತಾ, ಇನ್ನು ತಾನು ಮನುಷ್ಯರನ್ನು ಹೊರುವುದು ತಪ್ಪಿತೆಂದು ನಕ್ಕರು.

ಆಯುಧಪೂಜೆಯ ದಿನ ಡಾಕ್ಟರಮ್ಮ ನಮ್ಮನ್ನೂ ಕರೆಸಿದರು. ಲಿಫ್ಟಿನ ಮೋಟರು, ಬ್ರೇಕು ಎಲ್ಲ ಇರುವುದು ತಾರಸಿಯ ಮೇಲಿನ ಒಂದು ಸಣ್ಣ ಕೋಣೆಯಲ್ಲಿ. ಅದಕ್ಕೆ ಮಾವಿನೆಲೆ, ಬಾಳೆಕಂದು ಕಟ್ಟಿದ್ದರು. ಪೂಜೆಗೆ ನಿಂತವರು ಮಾದೇವಣ್ಣನೇ. ಒಳಗೆ ಡಾಕ್ಟರಮ್ಮ, ಸಿದ್ದಯ್ಯ, ನರ್ಸುಗಳು ಒತ್ತೊತ್ತಾಗಿ ನಿಂತಿದ್ದರು. ನಾನು ಎಂದಿನಂತೆ ಹೊರಗೆ, ತಾರಸಿಯ ಮೇಲೆ ಒದ್ದೆ ಕೇಬಲ್ ಸುತ್ತುತ್ತಿದ್ದೆ. ಬಾ ಎಂದು ಯಾರೂ ಒತ್ತಾಯಿಸಲಿಲ್ಲ, ನನಗೂ ಬೇಸರವಿರಲಿಲ್ಲ. ಗಂಟೆ ಮೊಳಗಿತು. ಮಿಷನ್ನು ಎಷ್ಟು ಫಳಫಳ ಅಂತಿದೆ ನೋಡಿ ಎಂದು ಡಾಕ್ಟರಮ್ಮ ಮೆಚ್ಚಿಕೊಂಡದ್ದು ನನಗೆ ಹೊರಗೇ ಕೇಳಿಸಿತು. ಬೂದುಗುಂಬಳಕಾಯಿ ಒಡೆದು, ಎಲ್ಲರಿಗೂ ಪುರಿ ಹಂಚಿದರು. ಪೂಜೆಯಾದ ಯಂತ್ರ ಮರುದಿನ ವಿಜಯದಶಮಿವರೆಗೆ ಓಡಬಾರದೆಂದು ಲಿಫ್ಟಿಗೆ ಬೀಗ ಹಾಕಿದರು.

ಹಬ್ಬ ಕಳೆದು ಲಿಫ್ಟು ಓಡಿಸಿದ ಬೆಳಿಗ್ಗೆಯೇ ಮಾದೇವಣ್ಣನಿಗೆ ಫೋನು ಬಂತು. ಮೇಲಿನ ಮಹಡಿಯಲ್ಲಿ ಒಬ್ಬ ಬಾಣಂತಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಲಿಫ್ಟಿಗೆ ತಳ್ಳುತ್ತಿದ್ದರಂತೆ. ಆಗಲೇ ಒಳಗೆ ನಾಲ್ಕಾರು ಜನ ನಿಂತಿದ್ದರು. ಸ್ಟ್ರೆಚರಿನ ಮುಂದಿನ ಗಾಲಿ ಒಳಗೆ, ಹಿಂದಿನ ಗಾಲಿ ಹೊರಗೆ ಇದ್ದಾಗ, ಬಾಗಿಲು ತೆರೆದಿದ್ದ ಹಾಗೇ ಲಿಫ್ಟು ಮೆಲ್ಲಗೆ ಒಂದು ಗೇಣು ಕೆಳಗೆ ಜಾರಿತು. ಸ್ಟ್ರೆಚರು ವಾಲಿತು. ಹಿಂದಿದ್ದ ಸಿದ್ದಯ್ಯ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊರಕ್ಕೆಳೆದುಕೊಂಡರು. ತಾಯಿಗೆ ಏನೂ ಆಗಲಿಲ್ಲ, ಮಗು ನರ್ಸಿನ ಕೈಯಲ್ಲಿತ್ತು. ನಾವಿಬ್ಬರೂ ಕೂಡಲೇ ನರಸೀಪುರದ ಬಸ್ಸು ಹತ್ತಿದೆವು. ಕಿಟಕಿಯಿಂದ ಮಳೆ ಎರಚಲು ಹೊಡೆಯುತ್ತಿದ್ದರೂ ಮಾದೇವಣ್ಣ ಗಾಜು ಎಳೆದುಕೊಳ್ಳಲಿಲ್ಲ.

ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ನಿಮ್ಮ ಮೇಸ್ತ್ರಿಗೆ ಕಣ್ಣು ಕಾಣುವುದಿಲ್ಲವಂತಲ್ಲ, ಅಂಥವರ ಕೈಯಲ್ಲಿ ಬ್ರೇಕು ಕೊಡುತ್ತೀರಾ ಎಂದು ಆಗಲೇ ನಮ್ಮ ಕಂಪನಿಯ ಮಾಲೀಕರಿಗೆ ಫೋನ್ ಮಾಡಿ ಕೇಳಿದ್ದರು. ಮಾಲೀಕರು ನನಗೆ ಫೋನ್ ಮಾಡಿ ಹೇಳಿದ್ದು ಇನ್ನೂ ನೇರವಾಗಿತ್ತು. ಬ್ರೇಕಿನ ಅಳತೆ ತಪ್ಪಿರುವುದು ನಿಜವಾದರೆ ಮಾದೇವಣ್ಣ ನಾಳೆಯಿಂದ ಹಸು ಮೇಯಿಸಿಕೊಂಡಿರಲಿ. ಫೋನು ಇಟ್ಟಾಗ ಮಾದೇವಣ್ಣ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲ ಕಡೆ ಹೊರಟರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು.

ಮೇಲೆ ಹೋಗಿ ಕೋಣೆಯ ಬೀಗ ತೆಗೆದೆವು. ಬಾಡಿದ ಸೇವಂತಿಗೆ ಹಾರ, ಊದುಬತ್ತಿಯ ಬೂದಿ, ಮೋಟರಿನ ಮೇಲೆ ವಿಭೂತಿಪಟ್ಟೆ. ಮಾದೇವಣ್ಣ ಗೇಜನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ನನ್ ಕಣ್ಣ ನಂಬ್ಬ್ಯಾಡ ಕಣವ್ವ. ನೀನೇ ಅಳಿ. ಸಂದು ತಪ್ಪಿದ್ರೆ ತಪ್ಪದೆ ಅನ್ನು, ನನ್ ಮಕ ನೋಡ್ಬ್ಯಾಡ."

ತಪ್ಪಿರಬಾರದೆಂದು ಮನಸ್ಸು ಬೇಡಿಕೊಳ್ಳುತ್ತಿತ್ತು, ತಪ್ಪಿದ್ದರೆ ಮುಚ್ಚಲಾಗದು ಎಂಬುದೂ ಗೊತ್ತಿತ್ತು. ಮೇಲೆ, ಕೆಳಗೆ, ಪಕ್ಕದಲ್ಲಿ, ಎರಡೂ ಪ್ಯಾಡುಗಳ ಸಂದನ್ನು ಅಳೆದೆ. ಎಲೆ ಎಲ್ಲ ಕಡೆಯೂ ಒಂದೇ ಹದದಲ್ಲಿ ಜಾರಿ ಬಂತು. ಸಂದು ಸರಿಯಾಗಿತ್ತು. ಹೇಳಿದೆ. ಅವರು ನಂಬಲಿಲ್ಲ. ನಾನು ಅವರ ಮನಸ್ಸು ನೋಯಬಾರದೆಂದು ಹೇಳುತ್ತಿದ್ದೇನೆ ಅಂದುಕೊಂಡರು. ಸ್ಪ್ಯಾನರ್ ತೆಗೆದುಕೊಂಡು ಸ್ಪ್ರಿಂಗು ಇನ್ನೂ ಬಿಗಿ ಮಾಡಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು.

"ಬ್ಯಾಡಣ್ಣ. ಯಾಕೆ ಜಾರ್ತು ಅಂತ ಗೊತ್ತಾಗ್ದೆ ಬಿಗಿ ಮಾಡಿದ್ರೆ ಇವತ್ತು ನಿಲ್ತದೆ. ಇನ್ನೊಂದಿನ ಇನ್ಯಾರೋ ಕಾಲಿಟ್ಟಾಗ ಜಾರ್ತದೆ."

ಅವರು ಸ್ಪ್ಯಾನರ್ ಕೆಳಗಿಟ್ಟು, ಮೂಟೆ ತರಿಸು ಅಂದರು.

ಮತ್ತೆ ಗಿರಣಿಯಿಂದ ಅಕ್ಕಿ ಮೂಟೆ ಬಂತು. ಸಿದ್ದಯ್ಯ ಟವೆಲು ಬಿಗಿದುಕೊಂಡು ತಾವೇ ಮುಂದೆ ನಿಂತು ತುಂಬಿಸಿದರು. ಒಂದೊಂದು ಮಹಡಿಯ ಬಾಗಿಲಿಗೂ ಒಬ್ಬೊಬ್ಬರನ್ನು ಕಾವಲು ನಿಲ್ಲಿಸಿ, ಯಾರೂ ಹತ್ತಿರ ಬರಬಾರದೆಂದು ಕಟ್ಟುನಿಟ್ಟು ಮಾಡಿದೆ. ಕೆಳಗಿನ ವಾರ್ಡಿನಲ್ಲಿ ಮಗುವೊಂದು ಅಳುತ್ತಿತ್ತು. ಸಿದ್ದಯ್ಯ ಮೇಲೆ ಬಂದು ಕೋಣೆಯ ಹೊಸ್ತಿಲಲ್ಲಿ ನಿಂತರು. ಮಾದೇವಣ್ಣ ಲಿಫ್ಟನ್ನು ಕೆಳಕ್ಕೆ ಬಿಟ್ಟರು. ಹಗ್ಗಗಳು ಸರಸರ ಓಡಿದವು, ತಟ್ಟೆ ತಿರುಗಿತು. ನಡುವೆ ಬಂದಾಗ ನಾನು ಕರೆಂಟು ತೆಗೆದೆ.

ಪ್ಯಾಡು ಟಪ್ಪೆಂದು ತಟ್ಟೆಯ ಮೇಲೆ ಕೂತಿತು. ತಟ್ಟೆ ನಿಲ್ಲಲಿಲ್ಲ. ಹಿಡಿದ ಹಿಡಿತದಲ್ಲೇ ನುಣ್ಣಗೆ ತಿರುಗುತ್ತಾ ಹೋಯಿತು. ನೋಡುತ್ತಾ ನಿಲ್ಲುವುದು ಬಿಟ್ಟು ನಮಗೆ ಮಾಡಲು ಏನೂ ಇರಲಿಲ್ಲ. ಆ ಭಾರವೆಲ್ಲ ತಳದ ಗುಂಡಿಗೆ ಬಿದ್ದ ಸದ್ದು ನನ್ನ ಕಿವಿಗೆ ಆಗಲೇ ಕೇಳಿಸಿದಂತಾಯಿತು. ತಳ ಇನ್ನೇನು ಬಂತು ಅನ್ನುವಾಗ ಬ್ರೇಕು ನರಳಿ ನಿಂತಿತು. ತಟ್ಟೆಯಿಂದ ತೆಳ್ಳಗೆ ಹೊಗೆ ಎದ್ದಿತು. ಅದರ ಜೊತೆಗೆ ಒಂದು ವಾಸನೆ ಬಂತು. ಪ್ಯಾಡು ಸುಟ್ಟರೆ ಬರುವ ಕಮಟು ವಾಸನೆ ನಮಗೆ ಗೊತ್ತು. ಇದು ಅದಲ್ಲ. ಇದು ಅಡುಗೆಮನೆಯ ವಾಸನೆ.

ಮಾದೇವಣ್ಣ ಬಗ್ಗಿ, ತಟ್ಟೆಯ ಅಂಚಿಗೆ ಬೆರಳು ತಾಗಿಸಿ, ಎರಡು ಬೆರಳ ನಡುವೆ ತಿಕ್ಕಿ ಮೂಸಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಹೊತ್ತಿದ ಕೊಬ್ಬರಿ ಎಣ್ಣೆ. ನಾವಿಬ್ಬರೂ ಒಟ್ಟಿಗೇ ಬಾಗಿಲ ಕಡೆ ತಿರುಗಿದೆವು. ಸಿದ್ದಯ್ಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾನೇ ಕಣಣ್ಣ," ಅಂದರು. "ಮಳೆ ತ್ಯಾವಕ್ಕೆ ತುಕ್ಕು ಇಡ್ದಿತ್ತು. ದೇವ್ರ ಮುಂದೆ ತುಕ್ಕು ತಟ್ಟೆ ಮಡ್ಗದಾ ಅಂತ ಒಸಿ ಕೊಬ್ರಿ ಎಣ್ಣೆ ಆಕಿ ಈ ಟವಲ್ನಲ್ಲೇ ಒರ್ಸ್‌ದೆ."

ನೇಗಿಲ ಗುಳಕ್ಕೆ, ಸೈಕಲ್ಲಿಗೆ, ಮಚ್ಚಿಗೆ ಪ್ರತಿವರ್ಷ ಮಾಡುವುದನ್ನೇ ಇದಕ್ಕೂ ಮಾಡಿದ್ದರು. ಇಡೀ ಯಂತ್ರದಲ್ಲಿ ಎಣ್ಣೆ ತಗಲಲೇಬಾರದ ಜಾಗ ಅದೊಂದೇ. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯಬೇಕೆಂದು ಅವರಿಗೆ ಆಸೆಯಾದ ಜಾಗವೂ ಅದೇ. ಪ್ಯಾಡುಗಳು ಓಡಾಟದಲ್ಲಿ ಆ ಎಣ್ಣೆಯನ್ನೆಲ್ಲ ಹೀರಿಕೊಂಡಿದ್ದವು. ನನಗೆ ಅವರ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಸ್ಟ್ರೆಚರನ್ನು ಎಳೆದುಕೊಂಡವರೂ ಅವರೇ ಎಂಬುದು ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಡಾಕ್ಟರಮ್ಮ ಬಂದರು. ಮಾದೇವಣ್ಣನನ್ನಾಗಲೀ ಸಿದ್ದಯ್ಯನನ್ನಾಗಲೀ ನೋಡಲಿಲ್ಲ, ನೇರ ನನ್ನನ್ನೇ ಕೇಳಿದರು. "ನೀನು ಹೇಳಮ್ಮ. ಏನಾಗಿದೆ ಇದಕ್ಕೆ?"

ಪೂಜೆ ಮಾಡಿದ್ದರಿಂದಲೇ ಬ್ರೇಕು ಕೆಟ್ಟಿತು ಎಂಬ ಮಾತು ಮಾದೇವಣ್ಣನ ಬಾಯಿಂದ ಬಂದರೆ ಒಂದು ಅರ್ಥ, ನನ್ನ ಬಾಯಿಂದ ಬಂದರೆ ಬೇರೆಯೇ ಅರ್ಥ. ಪೂಜೆಗೆ ಒಳಗೆ ಬಾರದವಳು, ಇವಳಿಗೆ ಇಷ್ಟು ಸಾಕಿತ್ತು ಅನ್ನುತ್ತಾರೆ. ಸಿದ್ದಯ್ಯನ ಹೆಸರು ಹೇಳಿದರೆ ಆ ವಯಸ್ಸಿನಲ್ಲಿ ಅವರ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಮಾದೇವಣ್ಣನ ಕಣ್ಣಿನ ಮೇಲೆ ಎಲ್ಲ ಬಂದು ಕೂರುತ್ತದೆ. ಕೊನೆಗೆ ನನಗೆ ಖಂಡಿತ ಗೊತ್ತಿದ್ದಷ್ಟನ್ನು ಹೇಳಿದೆ. ಸಂದು ಸರಿಯಾಗಿದೆ, ನಾನೇ ಅಳೆದಿದ್ದೇನೆ, ಮಾದೇವಣ್ಣನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ತಟ್ಟೆಗೆ ಎಣ್ಣೆ ತಗಲಿದೆ.

ಯಾರು ಹಚ್ಚಿದ್ದು ಎಂದು ಡಾಕ್ಟರಮ್ಮ ಕೇಳಿದರು. ಸಿದ್ದಯ್ಯ ಬಾಯಿ ತೆರೆಯುವ ಮೊದಲೇ ಮಾದೇವಣ್ಣ ಮುಂದೆ ಬಂದರು.

"ಕೀ ಕೊಟ್ಟೋನು ನಾನು ಡಾಕ್ಟ್ರಮ್ಮ. ಪೂಜೆಗೆ ಎಲ್ಲಾ ಒರಸಿ ಅಣಿ ಮಾಡು ಅಂದೋನೂ ನಾನು. ಆ ತಟ್ಟೆ ಒಂದ ಮುಟ್ಬ್ಯಾಡ ಅಂತ ಯೋಳ್ನಿಲ್ಲ. ತಪ್ಪು ನಂದು."

ಡಾಕ್ಟರಮ್ಮ ತಟ್ಟೆಯನ್ನು ನೋಡಿದರು. ಆಮೇಲೆ ಸಿದ್ದಯ್ಯನ ಕೈಯ ಟವೆಲಿನ ಎಣ್ಣೆ ಕಲೆಯನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಫಳಫಳ ಅಂತಿದೆ ಎಂದು ಮೆಚ್ಚಿದವಳು ನಾನೇ ಅಲ್ಲವಾ ಎಂದು ತಮಗೆ ತಾವೇ ಹೇಳಿಕೊಂಡಂತೆ ಅಂದರು. ಇನ್ನೇನನ್ನೂ ಕೇಳಲಿಲ್ಲ. ಸರಿಮಾಡಲು ಏನು ಬೇಕು ಎಂದಷ್ಟೇ ಕೇಳಿದರು.

ಎಣ್ಣೆ ಹೀರಿದ ಪ್ಯಾಡು ತೊಳೆದರೆ ಹೋಗುವುದಿಲ್ಲ, ಬಿಸಾಡಬೇಕು. ಹೊಸವು ನಂಜನಗೂಡಿನಿಂದ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತು. ಅಷ್ಟು ಹೊತ್ತೂ ಸಿದ್ದಯ್ಯ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಇಂಜೆಕ್ಷನ್ನಿಗೆ ಮೊದಲು ಹಚ್ಚುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದ್ದೇ ಒರೆಸಿದ್ದು. ಹೊಸ ಪ್ಯಾಡು ಕೂರಿಸಿದಾಗ ಮಾದೇವಣ್ಣ ಟಾರ್ಚು ಹಿಡಿದರು, ಗೇಜು ನನ್ನ ಕೈಯಲ್ಲೇ ಇರಲಿ ಅಂದರು. ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಅಳೆಯುವುದು, ಮತ್ತೆ ತಿರುಗಿಸುವುದು. ಹೊರಗೆ ಮಳೆ ಬಿಟ್ಟಿತ್ತು. ನನ್ನ ಬೆವರು ಮಾತ್ರ ಬಿಡಲಿಲ್ಲ. ಇಷ್ಟು ದಿನ ನಾನು ಅಂಕಿ ಓದುತ್ತಿದ್ದೆ, ಹದ ನೋಡುತ್ತಿದ್ದವರು ಅವರು. ಅಂದು ಎರಡೂ ನನ್ನ ಪಾಲಿಗೆ ಬಂತು.

ಮೂಟೆ ತುಂಬಿದ ಲಿಫ್ಟನ್ನು ಮತ್ತೆ ಕೆಳಕ್ಕೆ ಬಿಟ್ಟು ಕರೆಂಟು ತೆಗೆದೆ. ತಟ್ಟೆ ನಿಂತಿತು. ನಿಂತದ್ದು ನಿಂತೇ ಇತ್ತು. ಸಿದ್ದಯ್ಯ ಗೋಡೆಗೊರಗಿ ಕೂತುಬಿಟ್ಟರು. ನನಗೆ ಅಳು ಬಂತು, ಅತ್ತೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮೂಟೆ ಇಳಿಸಿದ ಮೇಲೆ ಮೊದಲು ಲಿಫ್ಟು ಹತ್ತಿದವರು ಮಾದೇವಣ್ಣ. ಬ್ರೇಕು ಕಟ್ಟಿದವರೇ ಮೊದಲು ಹತ್ತುವುದು ನಮ್ಮ ಕಂಪನಿಯ ರೂಢಿ. ಕಟ್ಟಿದವಳು ನಾನಲ್ಲವಾ ಅಂದೆ. ಅದ್ಕೇ ನಾನು ಲಿಫ್ಟು ಅತ್ತಾ ಇರದು ಎಂದು ಅವರೇ ಬಾಗಿಲು ಹಾಕಿಕೊಂಡರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಾದೇವಣ್ಣನೂ ನಾನೂ ಟೀ ಕುಡಿಯಲು ನಿಂತೆವು. ಪೂಜೆಯ ದಿನ ಒಳಗೆ ಅಷ್ಟು ಜನ ಇದ್ದರೂ ಒಬ್ಬರೂ ಆ ಎಣ್ಣೆ ನೋಡಲಿಲ್ಲವಲ್ಲ ಎಂದು ತಾವೇ ಶುರು ಮಾಡಿದರು.

"ಮಂಗಳಾರತಿ ಒತ್ನಲ್ಲಿ ನಾವೆಲ್ಲ ಕಣ್ ಮುಚ್ಕೊಬುಡ್ತೀವಿ ಕಣವ್ವ. ಬರೋ ವರ್ಸ ನೀನು ಒಳೀಕ್ ಬಾ. ಕೈ ಮುಗೀಬ್ಯಾಡ, ಕುಂಕುಮ ಇಕ್ಕೊಬ್ಯಾಡ. ತಟ್ಟೆ ಮಗ್ಗುಲಲ್ಲಿ ನಿಂತ್ಕೊ. ಕಣ್ ಬುಟ್ಕೊಂಡಿರು, ಸಾಕು."

ಅಂದಿನಿಂದ ಪ್ರತಿ ಆಯುಧಪೂಜೆಗೂ ನನಗೆ ಆ ಕೋಣೆಯ ಒಳಗೆ, ತಟ್ಟೆಯ ಮಗ್ಗುಲಲ್ಲಿ ಜಾಗ ಇದೆ. ಸಿದ್ದಯ್ಯ ಸೋಪು ಹಾಕಿ ಕೈ ತೊಳೆದು, ಒಳಗೆ ಬರುವ ಮೊದಲು ಎರಡೂ ಅಂಗೈ ನನಗೆ ತೋರಿಸುತ್ತಾರೆ. ಮಾದೇವಣ್ಣ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕೆಲಸದಿಂದ ನಿವೃತ್ತರಾದರು, ಆದರೂ ಆ ದಿನ ಹೆಮ್ಮರಗಾಲದಿಂದ ಬಸ್ಸು ಹತ್ತಿ ಬರುವುದನ್ನು ತಪ್ಪಿಸುವುದಿಲ್ಲ. ಕರ್ಪೂರ ಹಚ್ಚುತ್ತಾರೆ, ಗಂಟೆ ಮೊಳಗುತ್ತದೆ, ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚುತ್ತಾರೆ. ನಾನು ತಟ್ಟೆಯನ್ನೇ ನೋಡುತ್ತಾ ನಿಲ್ಲುತ್ತೇನೆ. ಮಾದೇವಣ್ಣ ಮಾತ್ರ, ಆಪರೇಷನ್ ಆದ ಒಂದು ಕಣ್ಣನ್ನು ಅರೆ ತೆರೆದು, ನಾನು ನೋಡುತ್ತಿದ್ದೇನೆಯೋ ಇಲ್ಲವೋ ಎಂದು ನೋಡಿ, ಮತ್ತೆ ಮುಚ್ಚಿಕೊಳ್ಳುತ್ತಾರೆ.